ಕೋವಿಯ ಶತ್ರು ತೇವ: ತೆಂಗಿನ ಸೀಮೆಯಿಂದ ನಗರದ ಬಾವಿಯವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ತೇವದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು, ಹತ್ತು ತಿಂಗಳು, ಕೆಲವೊಮ್ಮೆ ವರ್ಷದ ತನಕ ಕಾಯುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಡಬೇಕು, ಅಲುಗಾಡಿಸಿದರೆ ಗುಡುಗುಡು ಅನ್ನಬೇಕು. ಅಷ್ಟರೊಳಗೆ ಹೆಂಚು ಸೋರಿ ಅಟ್ಟಕ್ಕೆ ನೀರು ಇಳಿದರೆ ಬೂಷ್ಟು ಹಿಡಿದು ಕೊಬ್ಬರಿಯ ದರವೇ ಬಿದ್ದುಹೋಗುತ್ತದೆ. ಒಂದು ವಸ್ತುವನ್ನು ವರ್ಷಗಟ್ಟಲೆ ತೇವದಿಂದ ಕಾಯುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ಈ ಸೀಮೆಗೆ ಚೆನ್ನಾಗಿ ಗೊತ್ತು.

ಇಂಥ ಕೆಲವು ಮನೆಗಳಲ್ಲಿ ತೇವಕ್ಕೆ ಹೆದರುವ ಇನ್ನೊಂದು ವಸ್ತುವೂ ಇದೆ. ಅದು ಅಜ್ಜನ ಕಾಲದಿಂದ ಬಂದ ಲೈಸೆನ್ಸ್ ಕೋವಿ. ಹಂದಿ ಓಡಿಸಲು, ತೋಟ ಕಾಯಲು ತೆಗೆದುಕೊಂಡದ್ದು. ಅದು ಸದ್ದು ಮಾಡಿದ್ದು ವರ್ಷಕ್ಕೆ ಒಂದೆರಡು ಸಲ ಇರಬಹುದು. ಉಳಿದ ದಿನವೆಲ್ಲ ಗೋಡೆಯ ಗೂಟದಲ್ಲೋ, ಬೀರುವಿನ ಹಿಂದೆಯೋ, ಎಲೆಕ್ಷನ್ ಬಂದಾಗ ಪೊಲೀಸ್ ಠಾಣೆಯ ಕೋಣೆಯಲ್ಲೋ ಸುಮ್ಮನೆ ನಿಂತಿರುತ್ತದೆ. ಬಂದೂಕಿನ ಚರಿತ್ರೆ ಅಂದರೆ ನಾವು ಯುದ್ಧ, ಬೇಟೆ, ರಾಜರು ಅಂದುಕೊಳ್ಳುತ್ತೇವೆ. ಆದರೆ ಬಂದೂಕಿನ ಆಯುಷ್ಯದ ಬಹುಪಾಲು ಕಳೆಯುವುದು ಮೂಲೆಯಲ್ಲಿ. ಅಲ್ಲಿ ಅದನ್ನು ತಿನ್ನುವುದು ತುಕ್ಕು. ಆ ತುಕ್ಕಿನಿಂದ ಅದನ್ನು ಉಳಿಸಿಕೊಳ್ಳಲು ಜನ ಏನೇನು ಮಾಡಿದರು, ಎಲ್ಲಿ ಗೆದ್ದರು, ಎಲ್ಲಿ ಸೋತರು ಅನ್ನುವುದು ಈ ಬರಹದ ವಿಷಯ. ಲೈಸೆನ್ಸ್ ಕೋವಿ ಇರುವ ಮನೆಯವರಿಗೆ ಇದು ಬರೀ ಹಳೇ ಕಥೆಯಲ್ಲ. ತುಕ್ಕು ಹಿಡಿದ ನಳಿಗೆ ಹಿಡಿದವರ ಮುಖದ ಮುಂದೆಯೇ ಸಿಡಿಯಬಹುದು.

ಕಬ್ಬಿಣ ತವರಿಗೆ ಹೋಗುವ ದಾರಿ

ತುಕ್ಕು ಅಂದರೆ ಏನು ಅಂತ ತಿಳಿಯಲು ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಕೆಂಪು ಮಣ್ಣನ್ನು ನೋಡಿದರೆ ಸಾಕು. ಅಲ್ಲಿ ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ. ಅದಿರಿನಲ್ಲಿ ಕಬ್ಬಿಣ ಒಂಟಿಯಾಗಿ ಇರುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿಕೊಂಡಿರುತ್ತದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿ ಕಡೆಗೂ ಬಂದಿದ್ದ. ಈ ಭಾಗದ ತೆಂಗಿನ ತೋಟಗಳನ್ನೂ ಗುಡ್ಡದ ಅದಿರು ಅಗೆದು ಕಬ್ಬಿಣ ಕರಗಿಸುವ ಕೆಲಸವನ್ನೂ ಆತ ದಾಖಲಿಸಿದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಣ್ಣಿನ ಕುಲುಮೆಯಲ್ಲಿ ಇದ್ದಿಲು ಹಾಕಿ, ತಿದಿ ಒತ್ತಿ, ಅದಿರಿನಲ್ಲಿದ್ದ ಆಮ್ಲಜನಕವನ್ನು ಬಿಡಿಸಿ ಕಬ್ಬಿಣವನ್ನು ಹೊರಗೆ ತೆಗೆಯುವುದು ಆ ಕಾಲದ ವಿದ್ಯೆ.

ಹೀಗೆ ಬೆಂಕಿಯಿಂದ ಬಲವಂತವಾಗಿ ಬೇರೆ ಮಾಡಿದ ಕಬ್ಬಿಣ ಮತ್ತೆ ಆಮ್ಲಜನಕದ ಜೊತೆ ಸೇರಲು ಹವಣಿಸುತ್ತಲೇ ಇರುತ್ತದೆ. ನೀರು ಸಿಕ್ಕರೆ ಆ ಕೆಲಸ ಸಲೀಸು. ಅದೇ ತುಕ್ಕು. ಕುಡುಗೋಲಿನ ಮೇಲಿನ ಕೆಂಪು ಪುಡಿಗೂ ಗುಡ್ಡದ ಕೆಂಪು ಮಣ್ಣಿಗೂ ರಸಾಯನದ ಲೆಕ್ಕದಲ್ಲಿ ಹತ್ತಿರದ ಸಂಬಂಧ. ಮಗಳು ತವರಿಗೆ ಹೊರಟ ಹಾಗೆ ಕಬ್ಬಿಣ ಮಣ್ಣಿಗೆ ಹೊರಟಿರುತ್ತದೆ ಅಷ್ಟೆ.

ಮಳೆಯಲ್ಲಿ ನೆನೆದರೆ ಮಾತ್ರ ತುಕ್ಕು ಬರುತ್ತದೆ ಅನ್ನುವುದು ತಪ್ಪು. ಗಾಳಿಯಲ್ಲಿ ತೇವಾಂಶ ನೂರಕ್ಕೆ ಅರವತ್ತು ದಾಟಿದರೆ ಬರಿಯ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ತುಕ್ಕಿಗೆ ಅಷ್ಟು ಸಾಕು. ಅದರ ಮೇಲೆ ಉಪ್ಪು ಬಿದ್ದಿದ್ದರೆ ಇನ್ನೂ ಬೇಗ, ಯಾಕೆಂದರೆ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಬೆವರಿನಲ್ಲಿ ಉಪ್ಪಿದೆ. ಬೆವರು ಕೈಯಲ್ಲಿ ಕೋವಿ ಮುಟ್ಟಿ ಒರೆಸದೆ ಇಟ್ಟರೆ ಕೆಲವು ದಿನದಲ್ಲಿ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ. ನಮ್ಮ ಮೂರು ತಾಲ್ಲೂಕಿನಲ್ಲಿ ಮಲೆನಾಡಿನಷ್ಟು ಮಳೆ ಇಲ್ಲ. ಆದರೆ ನೀರು ಕಟ್ಟಿದ ತೋಟದ ನಡುವಿನ ಮನೆಯೊಳಗಿನ ತಂಪೂ ಸೋಗೆಯ ನೆರಳೂ ಕೋವಿಗೆ ಒಳ್ಳೆಯದಲ್ಲ.

ಹಿಂದಿನ ಬಂದೂಕು ತಯಾರಕರು ಈ ಸ್ವಭಾವವನ್ನೇ ಬಳಸಿಕೊಂಡದ್ದೂ ಉಂಟು. ಹೊಸ ನಳಿಗೆಗೆ ಆಮ್ಲ ಸವರಿ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸುವುದು, ಬ್ರಷ್‌ನಿಂದ ಉಜ್ಜುವುದು, ಮತ್ತೆ ಹಿಡಿಸುವುದು, ಕೊನೆಗೆ ಎಣ್ಣೆ ಕುಡಿಸುವುದು. ಹಳೇ ನಳಿಗೆಗಳ ಕಂದು ಬಣ್ಣ ಹೀಗೆ ಬಂದದ್ದು. ಮುಂದೆ ಕುದಿಯುವ ನೀರಿನಲ್ಲಿ ಅದ್ದಿ ಆ ಕೆಂಪು ತುಕ್ಕನ್ನು ಕಪ್ಪು ಪದರವಾಗಿ ಬದಲಿಸುವುದನ್ನೂ ಕಲಿತರು. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆಯ ಅಲಗು ಕಪ್ಪಾಗುವುದನ್ನು ನೀವು ನೋಡಿರುತ್ತೀರಿ. ಅದು ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆದ ಬಣ್ಣ. ಇವತ್ತು ಮ್ಯೂಸಿಯಂಗಳಲ್ಲಿ ಹಳೇ ಕಬ್ಬಿಣದ ವಸ್ತುಗಳಿಗೆ ಹಚ್ಚುವ ಟ್ಯಾನಿಕ್ ಆಮ್ಲವೂ ಇದೇ ಒಗರಿನ ಜಾತಿಯದು.

ಈಡು ಹೊಡೆದ ಮೇಲೆ ಉಳಿಯುವ ವಿಷ

ಕೇಪಿನ ಕೋವಿಯನ್ನು ನಳಿಗೆ ಬಾಯಿಂದ ತುಂಬುತ್ತಾರೆ. ಕರಿ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವುದು. ಕರಿ ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಇದು ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಕೋವಿಯ ದಟ್ಟ ಬಿಳಿ ಹೊಗೆ ಅಂದರೆ ಆ ಪುಡಿ ಗಾಳಿಯಲ್ಲಿ ಹಾರುವುದೇ. ಉಳಿದದ್ದು ನಳಿಗೆಯೊಳಗೆ ಮಸಿಯಾಗಿ ಅಂಟಿಕೊಳ್ಳುತ್ತದೆ. ಆ ಮಸಿಯಲ್ಲಿ ಪೊಟ್ಯಾಸಿಯಂನ ಲವಣಗಳಿವೆ, ಗಂಧಕದ ಅಂಶವಿದೆ. ತೆಂಗಿನ ಮಟ್ಟೆ ಸುಟ್ಟ ಬೂದಿಯನ್ನು ಮಳೆಗಾಲದಲ್ಲಿ ಹೊರಗಿಟ್ಟರೆ ಹೇಗೆ ನೀರು ಬಿಟ್ಟುಕೊಳ್ಳುತ್ತದೋ, ಈ ಮಸಿಯೂ ಹಾಗೆ ಗಾಳಿಯ ನೀರನ್ನು ಎಳೆಯುತ್ತದೆ. ಹೊಡೆದ ರಾತ್ರಿ ತೊಳೆಯದೆ ಮಲಗಿದರೆ ಮಾರನೆಯ ದಿನವೇ ನಳಿಗೆಯೊಳಗೆ ಕೆಂಪು ಕಾಣಿಸಿಕೊಳ್ಳಬಹುದು.

19ನೇ ಶತಮಾನದಲ್ಲಿ ಕೇಪು ಬಂದ ಮೇಲೆ ಇನ್ನೊಂದು ತೊಂದರೆ ಸೇರಿತು. ಆಗಿನ ಬಹಳಷ್ಟು ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಲವಣ ನಮ್ಮ ಅಡುಗೆ ಉಪ್ಪಿನ ಅಣ್ಣತಮ್ಮನ ಹಾಗೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಎಷ್ಟು ಎಣ್ಣೆ ಹಚ್ಚಿದರೂ ಉಪ್ಪು ಕೆಳಗೆ ಕುಳಿತು ಕಬ್ಬಿಣ ತಿನ್ನುತ್ತಲೇ ಇರುತ್ತದೆ. ನೀರಿನಿಂದ ಬರುವ ತುಕ್ಕನ್ನು ತಪ್ಪಿಸಲು ಮೊದಲು ನೀರಿನಿಂದಲೇ ತೊಳೆಯಬೇಕು ಅನ್ನುವ ವಿಚಿತ್ರ ನಿಯಮ ಹುಟ್ಟಿದ್ದು ಹೀಗೆ. ಅದಕ್ಕೇ ಬ್ರಿಟಿಷ್ ಸೈನ್ಯದಲ್ಲಿ ತ್ರೀ ನಾಟ್ ತ್ರೀ ರೈಫಲ್ ಹೊಡೆದ ಮೇಲೆ ನಳಿಗೆಗೆ ಕುದಿಯುವ ನೀರು ಸುರಿಯುವ ಪದ್ಧತಿ ಇತ್ತು. ಕುದಿಯುವ ನೀರು ಉಪ್ಪನ್ನು ಕರಗಿಸುತ್ತದೆ, ಜೊತೆಗೆ ಲೋಹವನ್ನು ಕಾಯಿಸುವುದರಿಂದ ನಳಿಗೆ ತಾನೇ ಬೇಗ ಒಣಗುತ್ತದೆ. ಆಮೇಲೆ ಒಣ ಚಿಂದಿ, ಕೊನೆಗೆ ಎಣ್ಣೆ ಚಿಂದಿ. ಎನ್‌ಸಿಸಿಯಲ್ಲಿ ರೈಫಲ್ ಕ್ಲೀನ್ ಮಾಡಿದವರಿಗೆ ಹಗ್ಗಕ್ಕೆ ಚಿಂದಿ ಕಟ್ಟಿ ನಳಿಗೆಯೊಳಗೆ ಎಳೆಯುವ ಪುಲ್‌ಥ್ರೂ ನೆನಪಿರುತ್ತದೆ. ಅದು ಈ ಪದ್ಧತಿಯದೇ ಪಳೆಯುಳಿಕೆ. ತುಕ್ಕು ತಾರದ ಕೇಪುಗಳು ಎಲ್ಲ ಕಡೆ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ, ಅದೂ ನಿಧಾನವಾಗಿ.

ಯಾವ ಎಣ್ಣೆ ಹಚ್ಚುವುದು?

ಬಂದೂಕಿಗೆ ಯಾವ ಜಿಡ್ಡು ಹಚ್ಚಬೇಕು ಅನ್ನುವ ಪ್ರಶ್ನೆ ಒಮ್ಮೆ ಈ ದೇಶದ ಚರಿತ್ರೆಯನ್ನೇ ಅಲ್ಲಾಡಿಸಿದೆ. 1857ರಲ್ಲಿ ಎನ್‌ಫೀಲ್ಡ್ ರೈಫಲ್ಲಿನ ತೋಟಾಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆ ಅನ್ನುವ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿದ್ದು ಎಲ್ಲರಿಗೂ ಗೊತ್ತು. ಆ ಜಿಡ್ಡು ಯಾಕೆ ಬೇಕಿತ್ತು ಅನ್ನುವುದನ್ನು ಮಾತ್ರ ಯಾರೂ ಹೆಚ್ಚು ಕೇಳುವುದಿಲ್ಲ. ಗುಂಡು ನಳಿಗೆಯೊಳಗೆ ಸಲೀಸಾಗಿ ಇಳಿಯಬೇಕು, ಕಾಗದದ ತೋಟಾಗೆ ತೇವ ತಗಲಬಾರದು ಅನ್ನುವುದಕ್ಕೆ. ಅದೇ ವರ್ಷ ಜನವರಿಯ ಕೊನೆಗೇ ಸರ್ಕಾರ, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಲಿ ಅಂತ ಹೇಳಿತು. ಅಷ್ಟು ಹೊತ್ತಿಗೆ ನಂಬಿಕೆ ಕೆಟ್ಟುಹೋಗಿತ್ತು.

ಪ್ರಾಣಿಯ ಕೊಬ್ಬು, ಗಿಡದ ಎಣ್ಣೆ ಎರಡಕ್ಕೂ ಒಂದು ದೋಷ ಇತ್ತು. ಹಳತಾದರೆ ಕಮಟು ಹಿಡಿಯುತ್ತವೆ. ಈ ತೊಂದರೆ ನೀಗಿದ್ದು ಭೂಮಿಯೊಳಗಿನ ಎಣ್ಣೆಯಿಂದ. ಬರ್ಮಾದ ಯೆನಾಂಜಾಂಗ್‌ನಲ್ಲಿ ಜನ ಕೈಯಿಂದ ತೋಡಿದ ಬಾವಿಗಳಲ್ಲಿ ಮಣ್ಣೆಣ್ಣೆ ತೆಗೆಯುತ್ತಿದ್ದರು. ಅದರಿಂದ ಬಂದ ‘ರಂಗೂನ್ ಎಣ್ಣೆ’ 19ನೇ ಶತಮಾನದಲ್ಲಿ ಬಂದೂಕಿಗೆ ತುಕ್ಕು ಹಿಡಿಯದಂತೆ ಹಚ್ಚುವ ಎಣ್ಣೆಯಾಗಿ ಹೆಸರಾಯಿತು. ಬರ್ಮಾ ಆಯಿಲ್ ಕಂಪನಿ ಶುರುವಾದದ್ದು 1886ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದವರು ಕಾಸ್ಮೊಲಿನ್ ಅನ್ನುವ ಮೇಣದಂಥ ಪೆಟ್ರೋಲಿಯಂ ಗ್ರೀಸನ್ನು ರೈಫಲ್‌ಗಳಿಗೆ ಮೆತ್ತಿ ಪೆಟ್ಟಿಗೆ ತುಂಬುತ್ತಿದ್ದರು. ಹಾಗೆ ತುಂಬಿದವು ಎಷ್ಟೋ ವರ್ಷದ ಮೇಲೆ ಬಿಚ್ಚಿದಾಗಲೂ ಹೊಸದರಂತೆ ಸಿಕ್ಕಿವೆ.

ನಮ್ಮ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಕುಡುಗೋಲು, ಮಚ್ಚು, ಬೀಗ ಎಲ್ಲಕ್ಕೂ ಅದನ್ನೇ ಹಚ್ಚುವುದು ರೂಢಿ. ದಿನಾ ಬಳಸುವ ಮಚ್ಚಿಗೆ ಅದು ಸಾಕು, ಯಾಕೆಂದರೆ ದಿನಾ ಒರೆಸುತ್ತೇವೆ. ತಿಂಗಳುಗಟ್ಟಲೆ ಮುಟ್ಟದ ಕೋವಿಗೆ ಅದು ಸಾಲದು. ಇದಕ್ಕೆ ಎರಡು ಕಾರಣ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದು ಗಟ್ಟಿಯಾಗುತ್ತದೆ. ಕೋವಿಯ ಕುದುರೆ, ಸ್ಪ್ರಿಂಗ್ ಇರುವ ಜಾಗದಲ್ಲಿ ಹಾಗೆ ಹೆಪ್ಪುಗಟ್ಟಿದರೆ ಧೂಳು ಹಿಡಿದು ಅಂಟಾಗುತ್ತದೆ. ಎರಡನೆಯದು, ತೇವ ಸೇರಿ ಕಮಟಾದಾಗ ಎಣ್ಣೆ ಆಮ್ಲ ಬಿಡುತ್ತದೆ. ಹಿತ್ತಾಳೆ ದೀಪದ ಕಂಬ ತೊಳೆಯದೆ ಬಿಟ್ಟರೆ ಎಣ್ಣೆ ನಿಂತ ಜಾಗದಲ್ಲಿ ಹಸಿರು ಕಿಲುಬು ಕಟ್ಟುತ್ತದಲ್ಲ, ಅದು ಆ ಆಮ್ಲದ ಕೆಲಸ. ತೋಟಾದ ಹಿತ್ತಾಳೆ ಬುಡಕ್ಕೂ ಕೋವಿಯ ಉಕ್ಕಿಗೂ ಅದೇ ಗತಿ. ಹಿಂದಿನವರು ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯಲ್ಲಿ ಹರಳೆಣ್ಣೆ ಇರುತ್ತಿತ್ತು. ಮಂದವಾದ ಹರಳೆಣ್ಣೆ ಕೊಬ್ಬರಿ ಎಣ್ಣೆಗಿಂತ ಹೆಚ್ಚು ದಿನ ನಿಲ್ಲುತ್ತದೆ, ಚಳಿಗೂ ಹೆಪ್ಪುಗಟ್ಟುವುದಿಲ್ಲ. ಆದರೂ ಕೋವಿಗೆ ಇವತ್ತು ಗನ್ ಆಯಿಲ್‌ನಂಥ ಶುದ್ಧ ಖನಿಜ ಎಣ್ಣೆಯೇ ವಾಸಿ.

ಬಾವಿಯೊಳಗಿನ ಸಾವಿರ ರಾಕೆಟ್

ಒರೆಸುವ ಕೈ ಇಲ್ಲದ ಆಯುಧಕ್ಕೆ ಏನಾಗುತ್ತದೆ ಅನ್ನುವುದಕ್ಕೆ ಕರ್ನಾಟಕದಲ್ಲೇ ದೊಡ್ಡ ಸಾಕ್ಷಿ ಇದೆ. ತಿಪಟೂರಿನ ಬಿ.ಎಚ್. ರಸ್ತೆ ಹಿಡಿದು ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ ದಾಟಿ ಹೊಸನಗರ ತಾಲ್ಲೂಕಿಗೆ ತಿರುಗಿದರೆ ನಗರ ಅನ್ನುವ ಊರು ಸಿಗುತ್ತದೆ. ಹಿಂದೆ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಅಂತ ಹೆಸರಿಟ್ಟ. 1783ರಲ್ಲಿ ಇಂಗ್ಲಿಷರ ಕೈಗೆ ಹೋಗಿ ಅದೇ ವರ್ಷ ಟಿಪ್ಪುವಿನ ಕೈಗೆ ವಾಪಸ್ ಬಂತು.

2002ರಲ್ಲಿ ಅಲ್ಲಿನ ಒಂದು ಹಳೇ ಬಾವಿಯ ಹೂಳು ತೆಗೆಯುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಸುಮಾರು 160. ಅವು ಏನು ಅಂತ ಗೊತ್ತಾಗಲು ವರ್ಷಗಳೇ ಹಿಡಿದವು. ಅವು ಮೈಸೂರಿನ ಯುದ್ಧ ರಾಕೆಟ್‌ಗಳು. 2018ರ ಜುಲೈನಲ್ಲಿ ರಾಜ್ಯದ ಪುರಾತತ್ವ ಇಲಾಖೆ ಬಾವಿಯನ್ನು ಸರಿಯಾಗಿ ಅಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಹೊರಬಂದವು. ಬಾವಿಯ ಕೆಸರೇ ಮದ್ದಿನ ವಾಸನೆ ಹೊಡೆಯುತ್ತಿತ್ತು ಅಂತ ಅಗೆಸಿದವರು ಹೇಳಿದ್ದರು. ಅವನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆ ಮ್ಯೂಸಿಯಂಗೆ ಸಾಗಿಸಿದರು. ಅದಕ್ಕೂ ಮೊದಲು ಜಗತ್ತಿನ ಮ್ಯೂಸಿಯಂಗಳಲ್ಲಿ ಉಳಿದಿದ್ದ ಮೈಸೂರು ರಾಕೆಟ್‌ಗಳು ಬೆರಳೆಣಿಕೆಯಷ್ಟು.

ಆ ರಾಕೆಟ್‌ನ ಗುಟ್ಟೇ ಕಬ್ಬಿಣ. ಬೇರೆ ಕಡೆ ಕಾಗದ, ಬಿದಿರಿನ ಕೊಳವೆಗೆ ಮದ್ದು ತುಂಬುತ್ತಿದ್ದ ಕಾಲದಲ್ಲಿ ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಒಳಗಿನ ಒತ್ತಡ ತಡೆದುಕೊಳ್ಳುತ್ತಿತ್ತು, ದೂರ ಹಾರುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಇವು ಕಂಪನಿ ಸೈನ್ಯವನ್ನು ಕಂಗೆಡಿಸಿದವು. 1799ರ ನಂತರ ಮಾದರಿಗಳನ್ನು ಇಂಗ್ಲೆಂಡಿಗೆ ಒಯ್ದರು, ಅವನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಅಂಥ ಆಯುಧದ ಸಾವಿರ ತುಂಡುಗಳು ಮಲೆನಾಡಿನ ಬಾವಿಯಲ್ಲಿ ಇನ್ನೂರು ವರ್ಷ ಕುಳಿತವು.

ಪೂರ್ತಿ ಕರಗಿ ಹೋಗದೆ ಅವು ಉಳಿದದ್ದು ಹೇಗೆ? ಕೆಸರಿನ ಆಳದಲ್ಲಿ ಗಾಳಿ ಕಡಿಮೆ. ನೀರಿದ್ದರೂ ಆಮ್ಲಜನಕ ಸಾಕಷ್ಟು ಸಿಗದಿದ್ದರೆ ತುಕ್ಕು ಆಮೆಯ ಹಾಗೆ ತೆವಳುತ್ತದೆ. ನಿಜವಾದ ಗಂಡಾಂತರ ಶುರುವಾಗುವುದು ಹೊರಗೆ ತೆಗೆದ ದಿನ. ಒದ್ದೆ ಕಬ್ಬಿಣಕ್ಕೆ ಒಮ್ಮೆಲೇ ಗಾಳಿ ಸಿಗುತ್ತದೆ, ಒಳಗೆ ಮದ್ದಿನ ಲವಣ ಇದ್ದೇ ಇರುತ್ತದೆ. ಇಂಥ ವಸ್ತುಗಳನ್ನು ಸಂರಕ್ಷಿಸುವವರು ಮೊದಲು ಲವಣವನ್ನು ತೊಳೆದು ತೆಗೆಯುತ್ತಾರೆ, ಒಣಗಿಸುತ್ತಾರೆ, ಟ್ಯಾನಿಕ್ ಆಮ್ಲ ಅಥವಾ ಮೇಣದ ಲೇಪ ಕೊಡುತ್ತಾರೆ, ಆಮೇಲೂ ತೇವ ತಗಲದ ಕಡೆ ಇಡುತ್ತಾರೆ. ಕೆಸರಿನಲ್ಲಿ ಇನ್ನೂರು ವರ್ಷ ಉಳಿದ ಕಬ್ಬಿಣ ಕಪಾಟಿನಲ್ಲಿ ಇಪ್ಪತ್ತು ವರ್ಷಕ್ಕೆ ಪುಡಿಯಾಗುವುದು ಈ ಆರೈಕೆ ತಪ್ಪಿದರೆ.

ಶ್ರೀರಂಗಪಟ್ಟಣದ ಮದ್ದಿನ ಮನೆಗಳೂ ಇದೇ ಪಾಠ ಹೇಳುತ್ತವೆ. ದಪ್ಪ ಇಟ್ಟಿಗೆ ಗೋಡೆ, ಅರ್ಧ ನೆಲದೊಳಗೆ ಹುದುಗಿದ ಕಟ್ಟಡ. ಒಳಗೆ ತಂಪಾಗಿ, ಒಣಗಿ ಇರಲಿ ಅಂತ ಕಟ್ಟಿದ್ದು. ಅಂಥ ಒಂದು ಮದ್ದಿನ ಮನೆಯನ್ನು ರೈಲು ಮಾರ್ಗ ಜೋಡಿ ಮಾಡುವುದಕ್ಕಾಗಿ 2017ರ ಮಾರ್ಚ್‌ನಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. 1799ರ ಮೇ 4ರಂದು ಕೋಟೆ ಬಿದ್ದಾಗ ಗೆದ್ದವರು 929 ಫಿರಂಗಿಗಳನ್ನು ಲೆಕ್ಕ ಹಾಕಿದರು. ಅಷ್ಟನ್ನೂ ಕಾಯಲು, ಒರೆಸಲು, ಮದ್ದು ಒಣಗಿಸಲು ಜನ ಇದ್ದರು. ರಾಜ್ಯ ಬಿದ್ದ ದಿನ ಆ ಕೆಲಸವೂ ಬಿತ್ತು.

ಕೊಡಗಿನವರು ಕಂಡುಕೊಂಡ ಉಪಾಯ

ನಗರದ ಹಾಗೇ ಮಳೆ ಸುರಿಯುವ ಕೊಡಗಿನಲ್ಲಿ ಮಾತ್ರ ಮನೆಮನೆಯ ಕೋವಿ ತಲೆಮಾರುಗಳಿಂದ ಉಳಿದು ಬಂದಿದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಅದು ರೂಪ ಬದಲಿಸಿಕೊಂಡು ಇವತ್ತಿಗೂ ನಡೆದಿದೆ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಕಾನೂನಿನ ಅನುಕೂಲ ಒಂದು ಕಡೆ ಇರಲಿ, ಕೋವಿ ಕೆಡದಂತೆ ಉಳಿಸಿದ್ದು ಕೈಲ್ ಪೊಳ್ದ್ ಹಬ್ಬ. ನಾಟಿಯ ಕಾಲದಲ್ಲಿ ಗಂಡಸರೆಲ್ಲ ಗದ್ದೆಯಲ್ಲಿ ಇರುತ್ತಾರೆ. ಆಗ ಆಯುಧಗಳು ಮನೆಯ ದೇವರ ಕೋಣೆಯಲ್ಲಿ ಇರುತ್ತವೆ. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರ ಬಂದಾಗ ಅವನ್ನು ಹೊರಗೆ ತೆಗೆದು ಶುಚಿ ಮಾಡಿ, ತೋಕ್ ಪೂ ಅಂದರೆ ಕೋವಿ ಹೂವನ್ನು ಇಟ್ಟು ಪೂಜಿಸುತ್ತಾರೆ. ದಿನಾಂಕ ನೋಡಿ. ಮುಂಗಾರಿನ ಜೋರು ಮಳೆ ಕಳೆದ ಕೂಡಲೇ ಪ್ರತಿ ಮನೆಯಲ್ಲೂ ಪ್ರತಿ ಕೋವಿಯನ್ನೂ ತೆಗೆದು, ನೋಡಿ, ಒರೆಸುವುದು ಕಡ್ಡಾಯ ಆಯಿತು. ತುಕ್ಕು ಶುರುವಾಗಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಇದನ್ನು ಯಾರೋ ತುಕ್ಕಿಗಾಗಿಯೇ ಮಾಡಿದ ಏರ್ಪಾಡು ಅಂತ ನಾನು ಹೇಳುತ್ತಿಲ್ಲ. ಆದರೆ ಫಲ ಅದೇ.

ನಮ್ಮ ಆಯುಧಪೂಜೆಯೂ ಬರುವುದು ಮಳೆ ಹಿಂದೆ ಸರಿಯುವ ಹೊತ್ತಿಗೆ. ನೇಗಿಲು, ಕುಡುಗೋಲು, ಕಾಯಿ ಸುಲಿಯುವ ಕಬ್ಬಿಣ, ಟ್ರ್ಯಾಕ್ಟರ್ ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತೇವೆ. ಪೂಜೆಗೆ ಮುಂಚಿನ ಆ ತೊಳೆಯುವ ಕೆಲಸವೇ ಕಬ್ಬಿಣಕ್ಕೆ ಸಿಗುವ ಔಷಧ. ಒಂದೇ ತೊಂದರೆ ಏನೆಂದರೆ, ಕುಂಕುಮ, ಅರಿಶಿನದ ನೀರು ಮಾರನೆಯ ದಿನ ಒರೆಸದೆ ಬಿಟ್ಟರೆ ಅದೇ ಜಾಗದಲ್ಲಿ ತುಕ್ಕು ಕೂರುತ್ತದೆ.

ಠಾಣೆಯ ಕೋಣೆಯಲ್ಲಿ ಎಂಬತ್ತು ದಿನ

ಈಗ ನಮ್ಮ ತಾಲ್ಲೂಕುಗಳ ಕೋವಿಗೆ ಬರೋಣ. 1959ರ ಆಯುಧ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಿಂದ. ಅದರ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯ ಲೈಸೆನ್ಸ್ ಪ್ರಸ್ತಾಪ ಸ್ಪಷ್ಟವಾಗಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಕೋವಿಯ ಕೆಲಸ ಸದ್ದು ಮಾಡಿ ಓಡಿಸುವುದಕ್ಕೆ ಇಳಿಯಿತು. ಹೀಗೆ ಕೆಲಸ ಕಡಿಮೆಯಾದಷ್ಟೂ ಅದು ಮೂಲೆಯಲ್ಲಿ ನಿಲ್ಲುವ ಕಾಲ ಹೆಚ್ಚಾಯಿತು. ಕೋವಿ ಇದೆ, ಲೈಸೆನ್ಸ್ ಇದೆ, ಆದರೆ ಅದನ್ನು ಬಿಚ್ಚಿ ಒರೆಸಲು ಗೊತ್ತಿದ್ದ ತಲೆಮಾರು ಹೋಗುತ್ತಿದೆ.

ಇದರ ಮೇಲೆ ಎಲೆಕ್ಷನ್. ಚುನಾವಣೆ ಘೋಷಣೆಯಾದ ಮೇಲೆ ಜಿಲ್ಲಾಡಳಿತದ ಆದೇಶದಂತೆ ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಯ ಲೆಕ್ಕ ಹಾಕಿ ನೋಡಿ. ಮಾರ್ಚ್ 16ಕ್ಕೆ ಘೋಷಣೆ, ತುಮಕೂರಿನಲ್ಲಿ ಏಪ್ರಿಲ್ 26ಕ್ಕೆ ಮತದಾನ, ಜೂನ್ 4ಕ್ಕೆ ಫಲಿತಾಂಶ. ಎಂಬತ್ತು ದಿನ. ಬಿರು ಬೇಸಿಗೆಯಲ್ಲಿ ಬೆವರು ಕೈಯಿಂದ ಕೊಟ್ಟ ಕೋವಿ ಭರಣಿ, ಕೃತ್ತಿಕೆ ಮಳೆ ಕಂಡು ರೋಹಿಣಿ ಮಳೆಯ ಹೊತ್ತಿಗೂ ಒಳಗೇ ಇರುತ್ತದೆ. ಕೊಟ್ಟವರ ಕೈ, ತೆಗೆದುಕೊಂಡವರ ಕೈ, ಜೋಡಿಸಿದವರ ಕೈ ಎಲ್ಲದರ ಬೆವರೂ ಅದರ ಮೇಲೆ. ಶಾಂತಿಯುತ ಚುನಾವಣೆಗೆ ಇದು ಬೇಕು ಅನ್ನುವುದನ್ನು ಒಪ್ಪೋಣ. ಆದರೆ ಠಾಣೆಯ ಕೆಲಸ ಕೋವಿಯನ್ನು ಭದ್ರವಾಗಿ ಇಡುವುದು. ನೂರಾರು ಜನರ ಕೋವಿಗೆ ಎಣ್ಣೆ ಹಚ್ಚುವಷ್ಟು ಸಿಬ್ಬಂದಿ ಯಾವ ಠಾಣೆಯಲ್ಲೂ ಇರುವುದಿಲ್ಲ. ಹಾಗಾಗಿ ಆ ಎಂಬತ್ತು ದಿನಕ್ಕೆ ಬೇಕಾದ ಆರೈಕೆಯನ್ನು ಒಪ್ಪಿಸುವ ಹಿಂದಿನ ರಾತ್ರಿಯೇ ಮಾಡಿ ಮುಗಿಸಬೇಕು.

ಲೈಸೆನ್ಸ್‌ದಾರರು ತೀರಿಕೊಂಡ ಮನೆಗಳ ಪರಿಸ್ಥಿತಿ ಇನ್ನೂ ಕಷ್ಟ. ಕಾಯ್ದೆಯ 21ನೇ ಕಲಮಿನ ಪ್ರಕಾರ, ಲೈಸೆನ್ಸ್ ಅವಧಿ ಮುಗಿದರೂ ಲೈಸೆನ್ಸ್‌ದಾರರು ತೀರಿಕೊಂಡರೂ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಗೋ ಅಧಿಕೃತ ಆಯುಧ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳದೆ ಬಿಟ್ಟರೆ ಅದು ಅಲ್ಲೇ ಉಳಿಯುತ್ತದೆ, ಅವಧಿ ಮೀರಿದರೆ ಸರ್ಕಾರಕ್ಕೆ ಸೇರುತ್ತದೆ. ಅಷ್ಟರಲ್ಲಿ ತುಕ್ಕು ತನ್ನ ಪಾಲು ತಿಂದಿರುತ್ತದೆ.

ಮನೆಯಲ್ಲಿ ಕೋವಿ ಇದ್ದರೆ

ಇಷ್ಟು ಚರಿತ್ರೆ ಹೇಳಿದ ಮೇಲೆ ಅದು ಕಲಿಸಿದ್ದನ್ನು ಚಿಕ್ಕದಾಗಿ ಹೇಳಬಹುದು.

ಮೊದಲು ಕೋವಿ ಖಾಲಿ ಇದೆಯಾ ಅಂತ ನೋಡಿ. ತೋಟಾ ಕೋವಿಯಾದರೆ ಮುರಿದು ನೋಡಿದರೆ ತಿಳಿಯುತ್ತದೆ. ಕೇಪಿನ ಕೋವಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಗಜವನ್ನು ನಳಿಗೆಯೊಳಗೆ ಬಿಟ್ಟು ಎಷ್ಟು ಇಳಿಯುತ್ತದೆ ಅಂತ ಗುರುತು ಮಾಡಿ, ಹೊರಗಿನಿಂದ ನಳಿಗೆಯ ಬುಡದವರೆಗೆ ಹಿಡಿದು ಹೋಲಿಸಬೇಕು. ಪೂರ್ತಿ ಇಳಿಯದಿದ್ದರೆ ಒಳಗೆ ಏನೋ ಇದೆ ಅಂತ ಅರ್ಥ. ಹಾಗಿದ್ದರೆ ಮುಂದಿನ ಕೆಲಸ ಆಯುಧ ರಿಪೇರಿ ಗೊತ್ತಿರುವ ಲೈಸೆನ್ಸ್ ಅಂಗಡಿಯವರದು.

ಕರಿ ಮದ್ದು ಹೊಡೆದ ನಳಿಗೆಯನ್ನು ಅದೇ ದಿನ ಬಿಸಿ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಚಿಂದಿ ಎಳೆಯಿರಿ. ಎಣ್ಣೆ ತೆಳುವಾಗಿ ಸಾಕು. ಸುರಿದರೆ ಅದು ಹರಿದು ಮರದ ಹಿಡಿಗೆ ಇಳಿದು ಮರವನ್ನು ಮೆತ್ತಗೆ ಮಾಡುತ್ತದೆ. ಎಣ್ಣೆ ಹಚ್ಚಿದ ಮೇಲೆ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟದೆ ಬಟ್ಟೆಯಲ್ಲಿ ಹಿಡಿದು ಇಡಿ.

ಗೋಣಿ ತಾಟಿನಲ್ಲಿ, ಚರ್ಮದ ಚೀಲದಲ್ಲಿ, ಉಣ್ಣೆ ಬಟ್ಟೆಯಲ್ಲಿ ಸುತ್ತಿ ಇಡಬೇಡಿ. ಇವೆಲ್ಲ ತೇವ ಹೀರಿಕೊಂಡು ಕಬ್ಬಿಣಕ್ಕೆ ತಗಲಿಸುತ್ತವೆ. ಅಟ್ಟದ ಹೊಗೆ ಕೊಬ್ಬರಿಗೆ ಒಳ್ಳೆಯದಿರಬಹುದು. ಕೋವಿಗೆ ಅಲ್ಲಿನ ಬಿಸಿ ಹಿತ, ಹೊಗೆ ಅಹಿತ. ಸೌದೆ ಹೊಗೆಯಲ್ಲಿ ಆಮ್ಲ ಇರುತ್ತದೆ. ಶೂ ಡಬ್ಬದಲ್ಲಿ, ಟಿವಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಮುಚ್ಚಿದ ಪೆಟ್ಟಿಗೆಯ ತೇವ ಹೀರುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ, ಬದಲಿಸುತ್ತಿರಬೇಕು. ನಳಿಗೆಯ ಬಾಯಿಗೆ ಬಟ್ಟೆ ತುರುಕಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ತೆರೆದೇ ಇದ್ದರೆ ಮಣ್ಣಿನ ಗೂಡು ಕಟ್ಟುವ ಕಣಜ ಒಳಗೆ ಸೇರಬಹುದು. ಅದಕ್ಕೇ ಆಗಾಗ ತೆಗೆದು ಒಳಗೆ ಬೆಳಕು ಕಾಣುತ್ತದೆಯೇ ನೋಡಬೇಕು. ಬಟ್ಟೆಯ ಚೂರೋ ಮಣ್ಣೋ ಒಳಗಿದ್ದು ಈಡು ಹೊಡೆದರೆ ನಳಿಗೆಯೇ ಒಡೆಯುತ್ತದೆ. ನಳಿಗೆಯ ಒಳಗೆ ತುಕ್ಕಿನಿಂದ ಗುಳಿ ಬಿದ್ದಿದ್ದರೆ ಅಲ್ಲಿ ಲೋಹ ತೆಳುವಾಗಿದೆ ಅಂತ ಅರ್ಥ, ಆ ಕೋವಿಯಿಂದ ಹೊಡೆಯಬಾರದು. ಮದ್ದು, ತೋಟಾ ಬೇರೆ ಕಡೆ ಬೀಗ ಹಾಕಿ ಇಡಿ, ಮಕ್ಕಳ ಕೈಗೆ ಸಿಗದಂತೆ.

ಠಾಣೆಗೆ ಒಪ್ಪಿಸುವ ಮುಂಚೆ ಎಣ್ಣೆ ಹಚ್ಚಿ, ಫೋಟೋ ತೆಗೆದುಕೊಳ್ಳಿ, ರಸೀದಿ ಪಡೆಯಿರಿ. ವಾಪಸ್ ಬಂದ ದಿನವೇ ಬಿಚ್ಚಿ ಒರೆಸಿ. ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಯಾರದೋ ಕಾಲದ ತುಕ್ಕು ಕೋವಿ ಸಿಕ್ಕರೆ ಕುದುರೆ ಎಳೆದು ಪರೀಕ್ಷೆ ಮಾಡಬೇಡಿ. ಕರಿ ಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಸಾಯುವುದಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ಮುಟ್ಟದೆ, ಠಾಣೆಗೆ ಫೋನ್ ಮಾಡಿ ತಿಳಿಸುವುದೇ ಸರಿ.

ನಗರದ ಬಾವಿಯ ರಾಕೆಟ್ಟೂ ಕೊಡಗಿನ ದೇವರ ಕೋಣೆಯ ಕೋವಿಯೂ ಸುಮಾರು ಒಂದೇ ಥರದ ಮಳೆ ಕಂಡವು. ಒಂದನ್ನು ಯಾರೂ ನೋಡಲಿಲ್ಲ, ಇನ್ನೊಂದನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿದರು. ಅಟ್ಟದ ಕಾಯಿಯನ್ನು ಆಗಾಗ ಅಲುಗಾಡಿಸಿ ನೋಡುವ ಅಭ್ಯಾಸ ನಮಗೆ ಇದ್ದೇ ಇದೆ. ಕೋವಿ ಇರುವ ಮನೆಯವರು ಈ ಸಲದ ಆಯುಧಪೂಜೆಗೆ ಕುಂಕುಮ ಇಡುವ ಮುಂಚೆ ಅದನ್ನೂ ಕೆಳಗಿಳಿಸಿ ನಳಿಗೆಯೊಳಗೆ ಒಮ್ಮೆ ನೋಡಲಿ.